ಬೆಂಕಿಯ ಬಳಿ ಕಾದವರು

(ನಮ್ಮ ಉಚಿತ ವಾಚನಾಲಯದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ನಾವು ವಿದ್ವಾಂಸರಲ್ಲ. ಮ್ಯಾಟ್ರಿಕ್ ಮುಗಿಸಿ ನೂಲಿನ ಗಿರಣಿಯಲ್ಲಿ ಗುಮಾಸ್ತೆಯಾದವರು. ಸಂಜೆ ಇಲ್ಲಿಗೆ ಬಂದು ಪತ್ರಿಕೆಗಳನ್ನು ಜೋಡಿಸಿಡುವವರು. ಕಾರ್ಯದರ್ಶಿಗಳು "ಈ ತಿಂಗಳು ನೀವೇ ನಾಲ್ಕು ಮಾತಾಡಿ" ಎಂದಾಗ ನಮಗೆ ನೆನಪಾದದ್ದು ತೇವದ ಸಂಗತಿ. ಹತ್ತಿಯ ನೂಲು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಪೂರ್ಣ ಒಣಗಿದ 100 ಕಿಲೋ ನೂಲಿಗೆ ಎಂಟೂವರೆ ಕಿಲೋ ನೀರು ಸೇರಿರಬಹುದೆಂಬುದು ವ್ಯಾಪಾರದ ಲೆಕ್ಕ. ಅದಕ್ಕಿಂತ ಹೆಚ್ಚಾದರೆ ಕೊಳ್ಳುವವನು ನೀರಿಗೆ ಹಣ ತೆತ್ತಂತೆ. ತೀರ ಕಡಿಮೆಯಾದರೆ ನೂಲು ತುಂಡಾಗುತ್ತದೆ. ಒಂದು ಮಳೆಗಾಲದಲ್ಲಿ ನಾವು ಬರೆದ ತೂಕಕ್ಕೂ ಕೊಂಡವರ ತೂಕಕ್ಕೂ ತಾಳೆಯಾಗದೆ ಬೈಸಿಕೊಂಡೆವು. ಅಂದಿನಿಂದ ಒಣಗಿಸುವ ವಿದ್ಯೆಯ ಮೇಲೆ ನಮಗೆ ಆಸಕ್ತಿ ಹುಟ್ಟಿತು. ಆ ಆಸಕ್ತಿ ನಮ್ಮನ್ನು ಆಂಗ್ಲದೇಶದ ಮಾಲ್ಟು ಮತ್ತು ಹಾಪ್ ಗೂಡುಗಳವರೆಗೆ ಕರೆದುಕೊಂಡು ಹೋಯಿತು.

ಇವೆರಡೂ ಬೀರಿಗೆ ಬೇಕಾದ ಪದಾರ್ಥಗಳೆಂದು ಹಿರಿಯರು ಹುಬ್ಬು ಗಂಟಿಕ್ಕಬಾರದು. ನಮ್ಮ ಮಾತು ಕುಡಿಯುವುದನ್ನು ಕುರಿತದ್ದಲ್ಲ, ಒಣಗಿಸುವುದನ್ನು ಕುರಿತದ್ದು.

ಮಾಲ್ಟು ನಮ್ಮ ತಾಯಂದಿರಿಗೆ ಹೊಸದೇನೂ ಅಲ್ಲ. ಕೂಸಿಗೆ ಸರಿ ಮಾಡಲು ರಾಗಿಯನ್ನು ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ, ಹುರಿದು ಬೀಸುತ್ತಾರಲ್ಲವೇ? ಬಾರ್ಲಿಗೆ ಹಾಗೆಯೇ ಮಾಡಿದರೆ ಅದೇ ಮಾಲ್ಟು. ಮೊಳಕೆಯನ್ನು ತಕ್ಕ ವೇಳೆಯಲ್ಲಿ ತಡೆಯಬೇಕು. ಇಲ್ಲವಾದರೆ ಕಾಳಿನೊಳಗಿನ ಸತ್ವವನ್ನೆಲ್ಲ ಸಸಿಯೇ ತಿಂದುಬಿಡುತ್ತದೆ. ನಮ್ಮಲ್ಲಿ ಬಿಸಿಲಿದೆ. ಆಂಗ್ಲದೇಶದಲ್ಲಿ ಬಿಸಿಲನ್ನು ನಂಬಿದರೆ ಕಾಳು ಬೂಷ್ಟು ಹಿಡಿದೀತು. ಆದ್ದರಿಂದ ಕೆಳಗೆ ಬೆಂಕಿ, ಮೇಲೆ ತೂತುಗಳಿರುವ ನೆಲ, ಅದರ ಮೇಲೆ ಕಾಳು ಹರಡುವ ಗೂಡು ಅಲ್ಲಿ ಬಂತು.

ಮೊದಲು ಸೌದೆ, ಹುಲ್ಲು ಉರಿಸುತ್ತಿದ್ದರು. ಸೌದೆಯ ಹೊಗೆ ಕಾಳಿಗೆ ಹತ್ತಿ ರುಚಿಯೇ ಕೆಡುತ್ತಿತ್ತು. ನೆಲದ ಕಲ್ಲಿದ್ದಲು ಇನ್ನೂ ಕೆಟ್ಟದ್ದು. ಅದರಲ್ಲಿ ಗಂಧಕದ ವಾಸನೆ. 17ನೆಯ ಶತಮಾನದಲ್ಲಿ ಡಾರ್ಬಿಷೈರ್ ಪ್ರಾಂತದವರು ಕಲ್ಲಿದ್ದಲನ್ನು ಮೊದಲೇ ಸುಟ್ಟು, ಹೊಗೆ ಕಳೆದು, ಕೋಕ್ ಮಾಡಿ ಉರಿಸಿದರು. ಮಾಲ್ಟು ತಿಳಿಬಣ್ಣಕ್ಕೆ ಬಂತು. ಇದರ ಮುಂದಿನ ಕತೆ ಸ್ವಾರಸ್ಯವಾಗಿದೆ. ಏಬ್ರಹಾಂ ಡಾರ್ಬಿ ಎಂಬಾತ ಬಾಲ್ಯದಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಮಾಲ್ಟು ಬೀಸುವ ಯಂತ್ರ ಮಾಡುವವನ ಬಳಿ ಕೆಲಸ ಕಲಿತವನು. 1709ರಲ್ಲಿ ಕೋಲ್‌ಬ್ರೂಕ್‌ಡೇಲಿನಲ್ಲಿ ಅವನೇ ಕೋಕಿನಿಂದ ಕಬ್ಬಿಣದ ಅದಿರನ್ನು ಕರಗಿಸಿದನು. ಕೋಕಿನ ಗುಣವನ್ನು ಅವನು ಮಾಲ್ಟಿನವರಿಂದಲೇ ಅರಿತಿರಬೇಕೆಂದು ಇತಿಹಾಸಕಾರರು ಊಹಿಸುತ್ತಾರೆ. ಆ ಕಬ್ಬಿಣದಿಂದ ಆವಿಯಂತ್ರದ ಭಾಗಗಳಾದವು. ಮುಂದೆ ಆವಿಯಂತ್ರದಿಂದ ಗಿರಣಿಗಳು ನಡೆದವು. ನಾವು ಅನ್ನ ತಿನ್ನುವ ಗಿರಣಿಯ ವಂಶಾವಳಿಯನ್ನು ಹುಡುಕಿದರೆ ಅದರಲ್ಲಿ ಮಾಲ್ಟಿನ ಗೂಡೂ ಸಿಕ್ಕೀತು!

ಇನ್ನು ಹಾಪ್. ಇದು ಎತ್ತರದ ಕಂಬಗಳಿಗೆ ಹಬ್ಬುವ ಬಳ್ಳಿ. ಇದರ ಹೂಗೊಂಚಲು ಬೀರಿಗೆ ಕಹಿಯನ್ನು ಕೊಡುತ್ತದೆ, ಬೇಗ ಕೆಡದಂತೆಯೂ ಕಾಯುತ್ತದೆ. 16ನೆಯ ಶತಮಾನದ ಮೊದಲ ಭಾಗದಲ್ಲಿ ಫ್ಲಾಂಡರ್ಸಿನಿಂದ ಇದರ ಬೇಸಾಯ ಕೆಂಟ್ ಪ್ರಾಂತಕ್ಕೆ ಬಂತು. ಹಸಿ ಹೂವಿನಲ್ಲಿ ನೂರಕ್ಕೆ ಸುಮಾರು 80 ಪಾಲು ನೀರು. ಅದನ್ನು ಹತ್ತು ಪಾಲಿಗೆ ಇಳಿಸಬೇಕು. ಅಂದರೆ 100 ಕಿಲೋ ಹಸಿ ಹೂವು ಗೂಡಿಗೆ ಹೋದರೆ ಹೊರಗೆ ಬರುವುದು 22 ಕಿಲೋ ಮಾತ್ರ, ಉಳಿದದ್ದೆಲ್ಲ ಆವಿ.

ಈ ಗೂಡಿಗೆ 'ಓಸ್ಟ್' ಎಂದು ಹೆಸರು. ಕೆಂಟಿನ ರೆಜಿನಾಲ್ಡ್ ಸ್ಕಾಟ್ ಎಂಬ ಗೃಹಸ್ಥನು 1574ರಲ್ಲಿ ಹಾಪ್ ಬೇಸಾಯದ ಮೇಲೆ ಒಂದು ಪುಸ್ತಕ ಅಚ್ಚು ಹಾಕಿಸಿದನು. ಆಂಗ್ಲದೇಶದಲ್ಲಿ ಈ ವಿಷಯದ ಮೊದಲ ಪುಸ್ತಕ ಅದೇ. ಗೂಡನ್ನು ಹೇಗೆ ಕಟ್ಟಬೇಕು, ನಡುವೆ ಒಲೆ ಎಲ್ಲಿ, ಒಂದು ಕಡೆ ಹಸಿ ಹೂವು, ಇನ್ನೊಂದು ಕಡೆ ಒಣಗಿದ್ದು ಎಲ್ಲಿ ಎಂಬುದನ್ನೆಲ್ಲ ಬಿಡಿಸಿ ಹೇಳಿದನು. ಪಂಡಿತರ ಲ್ಯಾಟಿನ್ ಬಿಟ್ಟು ಜನರಾಡುವ ಇಂಗ್ಲಿಷಿನಲ್ಲಿ ಬರೆದನು; ಮರದ ಅಚ್ಚಿನ ಚಿತ್ರಗಳನ್ನೂ ಸೇರಿಸಿದನು. ಮಾಟಗಾತಿಯರೆಂದು ಬಡ ಮುದುಕಿಯರನ್ನು ಹಿಂಸಿಸುವುದು ಅನ್ಯಾಯವೆಂದು 1584ರಲ್ಲಿ ವಾದಿಸಿದವನೂ ಇವನೇ.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ದುಂಡು ಗೂಡುಗಳು ಬಂದವು. ದುಂಡಾದರೆ ಬಿಸಿ ಎಲ್ಲ ಕಡೆಗೂ ಸಮನಾಗಿ ಹರಡುವುದೆಂದು ನಂಬಿಕೆ. ಶತಮಾನದ ಕೊನೆಯ ಹೊತ್ತಿಗೆ ಅದರಿಂದ ವಿಶೇಷ ಲಾಭವಿಲ್ಲವೆಂದು ತಿಳಿದು, ಕಟ್ಟಲು ಸುಲಭವಾದ ಚೌಕಕ್ಕೇ ಮರಳಿದರು. ನೆತ್ತಿಯ ಮೇಲೆ ಬಿಳಿ ಬಣ್ಣದ ಮರದ ಕುಲಾವಿ. ಗಾಳಿ ಬೀಸಿದತ್ತ ತಿರುಗಿ ಅದು ತನ್ನ ಬಾಯನ್ನು ಗಾಳಿಗೆ ಬೆನ್ನಾಗಿಸಿಕೊಳ್ಳುತ್ತದೆ. ಮಳೆ ಒಳಗೆ ಬಾರದು, ಆವಿ ಹೊರಗೆ ಹೋಗುತ್ತದೆ. ಒಳಗೆ ಮರದ ಪಟ್ಟಿಗಳ ನೆಲ, ಅದರ ಮೇಲೆ ಕುದುರೆ ಕೂದಲಿನ ಬಟ್ಟೆ, ಬಟ್ಟೆಯ ಮೇಲೆ ಹೂವು.

ಇಷ್ಟೆಲ್ಲ ಇದ್ದರೂ ಗೂಡಿನ ಜೀವ ಒಣಗಿಸುವವನ ಕೈಯಲ್ಲಿತ್ತು. ಕೊಯ್ಲಿನ ವಾರಗಳಲ್ಲಿ ಅವನು ಮನೆಗೆ ಹೋಗುತ್ತಿರಲಿಲ್ಲ. ಬೆಂಕಿಯ ಬಳಿಯೇ ಚೀಲ ಹಾಸಿ ಮಲಗುತ್ತಿದ್ದನು. ಒಂದು ಗೂಡು ಹೂವು ಒಣಗಲು ಹತ್ತು ತಾಸಿನಷ್ಟು ಹೊತ್ತು. ಹೂವನ್ನು ಅಂಗೈಯಲ್ಲಿ ಉಜ್ಜಿ, ನಡುವಿನ ಕಡ್ಡಿಯನ್ನು ಮುರಿದು, ಮೂಸಿ ಹದ ತಿಳಿಯುತ್ತಿದ್ದನು. ಹಸಿ ಉಳಿದರೆ ಚೀಲದಲ್ಲಿ ಕೊಳೆಯುತ್ತದೆ, ಅತಿಯಾದರೆ ಪುಡಿಯಾಗುತ್ತದೆ. ಯಜಮಾನನ ಒಂದು ವರ್ಷದ ಬೆಳೆ ಒಂದು ರಾತ್ರಿಯ ನಿದ್ದೆಯಲ್ಲಿ ಹಾಳಾಗಬಹುದಿತ್ತು. ಒಣಗಿದ ಹೂವನ್ನು ಕೂಡಲೇ ತುಂಬುತ್ತಲೂ ಇರಲಿಲ್ಲ. ತಣ್ಣನೆಯ ನೆಲದ ಮೇಲೆ ಹರಡಿ, ಗಾಳಿಯಿಂದ ಸ್ವಲ್ಪ ತೇವ ಹೀರಲು ಬಿಟ್ಟು, ಆಮೇಲೆ ಉದ್ದನೆಯ ಚೀಲಗಳಿಗೆ ಒತ್ತಿ ತುಂಬುತ್ತಿದ್ದರು. ನಮ್ಮ ನೂಲಿನ ಲೆಕ್ಕವೇ ಅಲ್ಲಿಯೂ!

ಹೂವು ಬಿಡಿಸಲು ಲಂಡನ್ನಿನ ಪೂರ್ವಭಾಗದ ಬಡವರು ಸಂಸಾರಸಮೇತ ಬರುತ್ತಿದ್ದರು. 1853ರ ಅಕ್ಟೋಬರ್ 20ರಂದು ಕೆಲಸ ಮುಗಿಸಿ ಮರಳುತ್ತಿದ್ದವರ ಬಂಡಿ ಹಾರ್ಟ್‌ಲೇಕಿನ ಮರದ ಸೇತುವೆಯಿಂದ ಮೆಡ್ವೇ ನದಿಗೆ ಉರುಳಿ 30 ಜನ ಸತ್ತರು. ಹ್ಯಾಡ್ಲೋ ಗ್ರಾಮದ ಚರ್ಚಿನ ಅಂಗಳದಲ್ಲಿ ಅವರ ಸ್ಮಾರಕವನ್ನು ಹಾಪ್ ಗೂಡಿನ ಆಕಾರದಲ್ಲಿಯೇ ನಿಲ್ಲಿಸಿದ್ದಾರೆ. ನಮ್ಮ ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಲೇಖಕ ಜಾರ್ಜ್ ಆರ್ವೆಲ್ 1931ರಲ್ಲಿ ಈ ಕೂಲಿಗಳ ಜೊತೆ ಸೇರಿ ಹೂವು ಬಿಡಿಸಿದನು. ಅವರ ಕಷ್ಟವನ್ನು ಬರೆದಿಟ್ಟನು.

ಇನ್ನೊಂದು ಪಾಠ 1900ರದು. ಮ್ಯಾಂಚೆಸ್ಟರ್ ಮತ್ತು ಸುತ್ತಿನ ಊರುಗಳಲ್ಲಿ ಬೀರು ಕುಡಿದ ಸಾವಿರಾರು ಜನರಿಗೆ ಕೈಕಾಲು ಜೋಮು ಹಿಡಿಯಿತು, ಹಲವರು ಸತ್ತರು. ಕಾರಣ ಪಾಷಾಣ. ಅದು ಮುಖ್ಯವಾಗಿ ಬಂದದ್ದು ಬೀರಿಗೆ ಬೆರೆಸಿದ ಸಕ್ಕರೆಯಿಂದ. ಆ ಸಕ್ಕರೆ ಮಾಡಲು ಬಳಸಿದ ಗಂಧಕಾಮ್ಲದಲ್ಲಿ ಪಾಷಾಣವಿತ್ತು. ಆದರೆ ಲಾರ್ಡ್ ಕೆಲ್ವಿನ್ನರ ಅಧ್ಯಕ್ಷತೆಯ ವಿಚಾರಣಾ ಮಂಡಲಿಯ ಮುಂದೆ ಮತ್ತೊಂದು ಸಂಗತಿಯೂ ಬಯಲಾಯಿತು: ಕೋಕಿನ ಹೊಗೆಯಿಂದ ಮಾಲ್ಟಿಗೂ ಪಾಷಾಣ ಹತ್ತುತ್ತಿತ್ತು. ರುಚಿ ಕೆಡಿಸದ ಬೆಂಕಿ ನಿರಪಾಯವಾದದ್ದೆಂದು ತಿಳಿಯಬಾರದು.

1878ರಲ್ಲಿ ಆಂಗ್ಲದೇಶದಲ್ಲಿ 71,000 ಎಕರೆಗೂ ಮೀರಿ ಹಾಪ್ ಇತ್ತು. ಈಗ ಅದರ ಇಪ್ಪತ್ತರಲ್ಲೊಂದು ಪಾಲೂ ಉಳಿದಿಲ್ಲ. ಬಿಡಿಸುವುದಕ್ಕೆ ಯಂತ್ರ ಬಂತು. ಹಳೆಯ ಗೂಡುಗಳೆಷ್ಟೋ ವಾಸದ ಮನೆಗಳಾದವು. ಕುಲಾವಿ ಹಾಗೆಯೇ ಇದೆ, ಕೆಳಗೆ ಬೆಂಕಿಯಿಲ್ಲ.

ಬಂಧುಗಳೇ, ಸ್ಕಾಟನ ಪುಸ್ತಕದಿಂದಾಗಿ ಆ ಗೂಡಿನ ವಿವರ ಸುಮಾರು 450 ವರ್ಷಗಳಾದರೂ ಉಳಿಯಿತು. ಆದರೆ ಅಂಗೈಯಲ್ಲಿ ಹದ ತಿಳಿದ ಎಷ್ಟೋ ಜನರ ಹೆಸರು ಕೂಡ ಉಳಿಯಲಿಲ್ಲ. ನಿಮ್ಮಲ್ಲಿ ಹುಣಸೂರು, ಪಿರಿಯಾಪಟ್ಟಣದ ಕಡೆಯವರಿದ್ದರೆ ಹೊಗೆಸೊಪ್ಪಿನ ಬ್ಯಾರನ್ನಿನ ಮುಂದೆ ರಾತ್ರಿಯೆಲ್ಲ ಸೌದೆ ಒಟ್ಟಿದ ತಂದೆಯ ನೆನಪಿರಬಹುದು. ಮಲೆನಾಡಿನವರಿದ್ದರೆ ಏಲಕ್ಕಿ ಗೂಡು, ಅಡಕೆ ಅಟ್ಟ ನೆನಪಿರಬಹುದು. ಪರಊರಿಗೆ ಬಂದ ನಮ್ಮ ಮಕ್ಕಳಿಗೆ ಆ ಹದ ತಿಳಿಯದು. ಅದರ ಮಾತುಗಳೂ ತಿಳಿಯವು. ಮುಂದಿನ ರಜೆಗೆ ಊರಿಗೆ ಹೋದಾಗ ಹಿರಿಯರನ್ನು ಕೇಳಿ, ಒಂದೇ ಪುಟವಾದರೂ ಸರಿ, ಕನ್ನಡದಲ್ಲಿ ಬರೆದು ತನ್ನಿ. ಅದನ್ನು ಇಡಲು ಈ ವಾಚನಾಲಯದ ಕಪಾಟಿನಲ್ಲಿ ಒಂದು ಅರೆಯನ್ನು ನಾವು ಈಗಾಗಲೇ ತೆರವು ಮಾಡಿದ್ದೇವೆ.