ಬಾಟಲಿಯಲ್ಲಿ ನೀಲಿಯಾದ ಹಸಿರು ಹಾವು

ಮಳೆ ಹೊಳವಾದ ಬೆಳಿಗ್ಗೆ ಕೋಲಸಿರ್ಸಿಯ ರಸ್ತೆಯಲ್ಲಿ ಶಾಲೆಗೆ ಹೋಗುವಾಗ ಹಸಿರು ಹಗ್ಗದಂಥದ್ದೊಂದು ಬಿದ್ದಿರುವುದನ್ನು ನೀವೂ ಕಂಡಿರಬಹುದು. ಹತ್ತಿರ ಹೋದರೆ ಹಸಿರು ಹಾವು. ನಿನ್ನೆ ಸಂಜೆ ಯಾವುದೋ ಗಾಡಿಗೆ ಸಿಕ್ಕಿದೆ. ಇಷ್ಟು ಚೆಂದದ್ದನ್ನು ಹೀಗೇ ಇಟ್ಟುಕೊಳ್ಳಲು ಬರುತ್ತದೆಯೇ?

ಉತ್ತರ ನಿಮ್ಮ ಮನೆಯ ಭರಣಿಯಲ್ಲಿದೆ. ಆಯಿ ಅಪ್ಪೆಮಿಡಿಗೆ ಉಪ್ಪು ಹಾಕಿದರೆ ಮಿಡಿ ನೀರು ಬಿಟ್ಟು ಮುರುಟುತ್ತದೆ. ಕೊಳೆಸುವ ಸೂಕ್ಷ್ಮಜೀವಿಗಳಿಗೆ ಆ ಉಪ್ಪುನೀರಿನಲ್ಲಿ ಬದುಕುವುದು ಕಷ್ಟ. ಹಾವಿಗಾದರೆ ಅವಸರ ಹೆಚ್ಚು. ಅದರ ಹೊಟ್ಟೆಯ ಬ್ಯಾಕ್ಟೀರಿಯಾ, ಜೀರ್ಣರಸಗಳು ಒಳಗಿನಿಂದಲೇ ಕೆಲಸ ಶುರುಮಾಡುತ್ತವೆ. ಹೊರಗಿನ ಹುರುಪೆಯೋ ಕೆಡದಂತೆ ಕಾಯುವ ಔಷಧವನ್ನು ಸುಲಭಕ್ಕೆ ಒಳಗೆ ಬಿಡುವುದಿಲ್ಲ. ಅದಕ್ಕೇ ಸಂಗ್ರಹಾಲಯದವರು ಸೂಜಿಯಿಂದ ಮೈಯೊಳಕ್ಕೇ ಫಾರ್ಮಲಿನ್ ಕೊಡುತ್ತಾರೆ. ಅದು ಪ್ರೋಟೀನಿನ ಎಳೆಗಳನ್ನು ಒಂದಕ್ಕೊಂದು ಹೆಣೆದು ಗಟ್ಟಿ ಮಾಡುತ್ತದೆ. ಸುರುಳಿ ಸುತ್ತಿಟ್ಟರೆ ಹಾವು ಸುರುಳಿಯಾಗಿಯೇ ಉಳಿಯುತ್ತದೆ. ಆಮೇಲೆ ನೀರಿನಲ್ಲಿ ನೆನೆಸಿ, ಶೇಕಡಾ 70ರ ಆಲ್ಕೋಹಾಲಿಗೆ ಹಾಕುತ್ತಾರೆ. (ಫಾರ್ಮಲಿನ್ ವಿಷ. ಮಕ್ಕಳ ಕೈಗೆ ಅದು ಬೇಡವೇ ಬೇಡ.)

ಹುಲಿಯ ಹಾಗೆ ಚರ್ಮ ಸುಲಿದು ತುಂಬಿಸಬಾರದೇ? ಮೈಸೂರಿನಲ್ಲಿ ವಾನ್ ಇಂಗೆನ್ ಕುಟುಂಬದವರು ಅದೇ ಕೆಲಸಕ್ಕೆ ಜಗತ್ತಿಗೆಲ್ಲ ಹೆಸರಾಗಿದ್ದರು. ಅವರ ಕಾರ್ಖಾನೆ 1999ರಲ್ಲಿ ಮುಚ್ಚಿತು. ಆದರೆ ಹುಲಿಯ ಬಣ್ಣ ಇರುವುದು ಕೂದಲಲ್ಲಿ, ಚರ್ಮ ಹದ ಮಾಡಿದರೂ ಉಳಿಯುತ್ತದೆ. ಹಾವಿನ ಬಣ್ಣ ಚರ್ಮದ ಜೀವಕೋಶಗಳಲ್ಲಿದೆ, ಒಣಗಿದರೆ ಮಂಕಾಗುತ್ತದೆ.

ಬಾಟಲಿಯಲ್ಲೂ ಬಣ್ಣ ನಿಲ್ಲುವುದಿಲ್ಲ, ಮತ್ತು ನನಗೆ ತುಂಬ ಇಷ್ಟವಾದ ಸಂಗತಿ ಇದೇ. ಹಸಿರು ಹಾವಿನ ಮೈಯಲ್ಲಿ ಹಸಿರು ಬಣ್ಣವೇ ಇಲ್ಲ! ಚರ್ಮದ ಮೇಲ್ಪದರದಲ್ಲಿ ಹಳದಿ. ಅದರ ಕೆಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳಿದ್ದು, ನೀಲಿ ಬೆಳಕನ್ನು ಹಿಂದಕ್ಕೆ ಚಿಮ್ಮಿಸುತ್ತವೆ. ಹಳದಿಯ ಮೂಲಕ ಬಂದ ನೀಲಿ ನಮಗೆ ಹಸಿರಾಗಿ ಕಾಣುತ್ತದೆ. ಆಲ್ಕೋಹಾಲಿನಲ್ಲಿ ಹಳದಿ ಕರಗಿಹೋಗುತ್ತದೆ, ಹರಳು ಉಳಿಯುತ್ತದೆ. ಹಾಗಾಗಿ ಹಸಿರು ಹಾವು ನೀಲಿಗೆ ತಿರುಗುತ್ತದೆ!

ಬಣ್ಣವನ್ನು ನಂಬುವಂತಿಲ್ಲ ಅಂದಮೇಲೆ ಬಾಟಲಿಯೊಳಗೆ ದಾರದಲ್ಲಿ ಕಟ್ಟಿದ ಚೀಟಿಯೇ ಗತಿ. ಸಿಕ್ಕಿದ ಊರು, ತಾರೀಕು, ಸಿಕ್ಕಿದ ಜಾಗ ಮರವೋ ಬಂಡೆಯೋ ಎಲ್ಲವನ್ನೂ ಅದರಲ್ಲಿ ಪೆನ್ಸಿಲಿನಿಂದ ಬರೆಯುತ್ತಾರೆ. ಬಾಲ್‌ಪೆನ್ನಿನ ಶಾಯಿ ಆಲ್ಕೋಹಾಲಿಗೆ ಕರಗುತ್ತದೆ. ಜಾತಿಯ ಹೆಸರು ಇಲ್ಲದಿದ್ದರೂ ನಡೆದೀತು, ಊರು ಇಲ್ಲದಿದ್ದರೆ ಆಗದು. ನಮ್ಮ ಸಿದ್ದಾಪುರದ ನೆರೆಯ ಜೋಗದ ಒಂದು ಹಲ್ಲಿಯನ್ನು 1935ರಲ್ಲಿ ಮಾಲ್ಕಮ್ ಸ್ಮಿತ್ ಎಂಬ ವಿಜ್ಞಾನಿ ಹೊಸ ಜಾತಿಯೆಂದು ಗುರುತಿಸಿದರು. ಭಾರತದ ಪ್ರಾಣಿವಿಜ್ಞಾನಿ ಬೈನಿ ಪ್ರಶಾದ್ ಅವರ ಹೆಸರಿನಲ್ಲಿ ಅದು ‘ಹೆಮಿಡ್ಯಾಕ್ಟೈಲಸ್ ಪ್ರಶಾದಿ’ ಆಯಿತು. ಆ ಜಾತಿಯ ಮೊದಲ ವಿಳಾಸ ಇವತ್ತಿಗೂ ಜೋಗವೇ.

ಸರಿ, ರಸ್ತೆಯ ಹಾವನ್ನು ಏನು ಮಾಡುವುದು? ಮುಟ್ಟಬೇಡಿ. ಕೆಲವು ಹಾವುಗಳ ತಲೆ ಸತ್ತ ಮೇಲೂ ಸ್ವಲ್ಪ ಹೊತ್ತು ಕಚ್ಚಬಲ್ಲದು. ಅಲ್ಲದೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಸತ್ತ ಕಾಡುಪ್ರಾಣಿಯನ್ನೂ ಅನುಮತಿಯಿಲ್ಲದೆ ಮನೆಗೆ ತರುವಂತಿಲ್ಲ. ಆದರೆ ಚೀಟಿ ಬರೆಯಲು ಯಾರ ಅಡ್ಡಿಯೂ ಇಲ್ಲ. ರಸ್ತೆಯ ಅಂಚಿಗೆ ನಿಂತು ಫೋಟೋ ತೆಗೆದು, ನೋಟ್‌ಬುಕ್ಕಿನಲ್ಲಿ ಬರೆಯಿರಿ: ಕೋಲಸಿರ್ಸಿ, ತಾರೀಕು, ರಾತ್ರಿ ಮಳೆ, ಹಸಿರು ಹಾವು, ರಸ್ತೆಯ ಎಡಬದಿ. ಬರೆದು ಮುಗಿಸಿ ತಲೆಯೆತ್ತುವಷ್ಟರಲ್ಲಿ ಇರುವೆಗಳು ಸಾಲು ಹಿಡಿದು ಬಂದಿರುತ್ತವೆ.