ಮೈಗೆ ಹಿಡಿಯುವ ಮದ್ದು

ಎಣ್ಣೆ ಮೈಗೆ ಹಿಡಿಯಿತೆ ಎಂದು ಅಭ್ಯಂಜನದ ದಿನ ಹಿರಿಯರು ಕೇಳುವುದುಂಟು. ಒಬ್ಬರ ಮೈ ಹೀರಿದಷ್ಟು ಇನ್ನೊಬ್ಬರದು ಹೀರದೆಂಬ ತಿಳಿವಳಿಕೆ ಆ ಪ್ರಶ್ನೆಯಲ್ಲಿಯೇ ಅಡಗಿದೆ. ಋತುಬಂಧದ ಕಾಲದಲ್ಲಿ ಚರ್ಮದ ಮೂಲಕ ಕೊಡುವ ಈಸ್ಟ್ರೋಜನ್ ಔಷಧದ ವಿಷಯದಲ್ಲಿಯೂ ಇದು ನಿಜವೆಂಬುದನ್ನು ಈ ಹೊತ್ತು ತಮ್ಮ ಮುಂದೆ ನಿವೇದಿಸಬಯಸುತ್ತೇನೆ.

ನಮ್ಮ ದೇಶದ ಸ್ತ್ರೀಯರಲ್ಲಿ ಸರಾಸರಿ 46–47ರ ವಯಸ್ಸಿಗೆ ಮುಟ್ಟು ನಿಲ್ಲುತ್ತದೆ. ಅಂಡಾಶಯಗಳು ಈಸ್ಟ್ರೋಜನ್ ಎಂಬ ಹಾರ್ಮೋನನ್ನು ಸ್ರವಿಸುವುದು ಕುಗ್ಗಿದಂತೆ, ನಡುರಾತ್ರಿಯಲ್ಲಿ ಮೈ ಕಾದು ಬೆವರುವುದು, ನಿದ್ರಾಭಂಗ, ಕೀಲುನೋವು ಮೊದಲಾದುವು ಕೆಲವರನ್ನು ಹಣ್ಣುಮಾಡಿಬಿಡುತ್ತವೆ. ಕಡಮೆಯಾದುದನ್ನು ಹೊರಗಿನಿಂದ ತುಂಬಿಕೊಡುವುದು ಇದಕ್ಕೊಂದು ಚಿಕಿತ್ಸೆ.

ಈಸ್ಟ್ರೋಜನ್ನಿನ ಮುಖ್ಯ ರೂಪವಾದ ಈಸ್ಟ್ರಡಯಾಲನ್ನು ಗುಳಿಗೆಯಾಗಿ ನುಂಗಿದರೆ, ಅದು ಕರುಳಿನಿಂದ ಮೊದಲು ಯಕೃತ್ತಿಗೆ ಹೋಗುತ್ತದೆ. ಅಲ್ಲಿ ಬಹುಭಾಗ ರೂಪಾಂತರ ಹೊಂದಿ, ನೂರಕ್ಕೆ ಸುಮಾರು 5 ಪಾಲು ಮಾತ್ರ ಮೂಲರೂಪದಲ್ಲಿ ರಕ್ತವನ್ನು ಸೇರುತ್ತದೆ. ಅಷ್ಟೇ ಅಲ್ಲ, ರಕ್ತವನ್ನು ಹೆಪ್ಪುಗಟ್ಟಿಸುವ ದ್ರವ್ಯಗಳನ್ನು ಯಕೃತ್ತು ಹೆಚ್ಚಾಗಿ ತಯಾರಿಸತೊಡಗುತ್ತದೆ. ಚರ್ಮದ ಹಾದಿ ಈ ಸುಂಕದಕಟ್ಟೆಯನ್ನು ಬಳಸಿಕೊಂಡು ಹೋಗುತ್ತದೆ. 1 ಅಥವಾ 2 ಮಿಲಿಗ್ರಾಮಿನ ಗುಳಿಗೆ ಮಾಡುವ ಕೆಲಸವನ್ನು, ದಿನಕ್ಕೆ 50 ಮೈಕ್ರೊಗ್ರಾಮ್, ಎಂದರೆ ಮಿಲಿಗ್ರಾಮಿನ ಇಪ್ಪತ್ತನೆಯ ಒಂದು ಪಾಲನ್ನು ಒಳಗಿಳಿಸುವ ಪಟ್ಟಿ ಮಾಡಬಲ್ಲದು. ಇಂಥ ಪಟ್ಟಿಗೆ ಅಮೆರಿಕದಲ್ಲಿ 1986ರಲ್ಲಿ ಸಮ್ಮತಿ ದೊರೆಯಿತು.

ಆದರೆ ಚರ್ಮವೇನೂ ತೆರೆದಿಟ್ಟ ಬಾಗಿಲಲ್ಲ. ಅದರ ಹೊರಪದರ ಸತ್ತ ಕೋಶಗಳ ಹಾಸು. ಇಟ್ಟಿಗೆಗಳ ನಡುವಣ ಗಾರೆಯಂತೆ ಕೋಶಗಳ ನಡುವೆ ಕೊಬ್ಬು ತುಂಬಿದೆ. ಈಸ್ಟ್ರಡಯಾಲ್ ಕೊಬ್ಬಿನಲ್ಲಿ ಕರಗುವ ಚಿಕ್ಕ ಅಣುವಾದ್ದರಿಂದ ಆ ಗಾರೆಯ ಮೂಲಕ ನುಸುಳಬಲ್ಲದು. ಎಷ್ಟು ನುಸುಳಿತೆಂಬುದು ಮಾತ್ರ ಮೈಯಿಂದ ಮೈಗೆ ಬೇರೆ. ಒಂದೇ ಅಳತೆಯ ಪಟ್ಟಿಯನ್ನು ಧರಿಸಿದ ಇಬ್ಬರ ರಕ್ತವನ್ನು ಪರೀಕ್ಷಿಸಿದರೆ, ಒಬ್ಬರಲ್ಲಿ ಇನ್ನೊಬ್ಬರಿಗಿಂತ ಹಲವು ಮಡಿ ಹೆಚ್ಚು ಕಾಣಬಹುದು. ಪಟ್ಟಿಯನ್ನು ಅಂಟಿಸಿದ ಜಾಗ, ಮೈಯ ಕಾವು, ಬೆವರಿಗೆ ಅಂಚು ಬಿಟ್ಟುಕೊಳ್ಳುವುದು, ಲೇಪವನ್ನು ಹಚ್ಚಿಕೊಂಡ ಕೂಡಲೇ ಸ್ನಾನಮಾಡುವುದು, ಇವೆಲ್ಲವೂ ಲೆಕ್ಕವನ್ನು ಬದಲಿಸುತ್ತವೆ.

ನಾನು ಒತ್ತಿಹೇಳಬೇಕೆಂದಿರುವ ಸಂಗತಿ ಇಲ್ಲಿದೆ. ಪೊಟ್ಟಣದ ಮೇಲೆ ಅಚ್ಚಾದ ಅಂಕಿ ಔಷಧದ ಅಳತೆಯೇ ಹೊರತು, ಅದನ್ನು ಧರಿಸಿದವಳ ರಕ್ತದ ಅಳತೆಯಲ್ಲ. ಪಟ್ಟಿ ಅಂಟಿಸಿ ವಾರಗಳು ಕಳೆದರೂ ಇರುಳಿನ ಬೆವರು ನಿಲ್ಲಲಿಲ್ಲವೆಂದು ಹೆಂಗಸೊಬ್ಬಳು ಹೇಳಿದರೆ, "ಕೊಡಬೇಕಾದಷ್ಟು ಕೊಟ್ಟಾಗಿದೆ, ಉಳಿದದ್ದು ಮನಸ್ಸಿನ ಭ್ರಮೆ" ಎಂದು ತಳ್ಳಿಹಾಕುವುದು ನ್ಯಾಯವಲ್ಲ, ಶಾಸ್ತ್ರವೂ ಅಲ್ಲ. ಔಷಧ ಅವಳ ಮೈಗೆ ಹಿಡಿಯದೆ ಇದ್ದಿರಬಹುದು. ಜಾಗವನ್ನೋ ಅಳತೆಯನ್ನೋ ಬದಲಿಸುವ, ಪಟ್ಟಿಗೆ ಬದಲು ಲೇಪವನ್ನು ಕೊಡುವ ದಾರಿಗಳು ವೈದ್ಯರ ಬಳಿ ಇವೆ. ರಕ್ತಪರೀಕ್ಷೆ ಕೆಲವೊಮ್ಮೆ ನೆರವಾಗುತ್ತದೆ. ಆದರೆ ಪ್ರಮಾಣ ಗಂಟೆಗಂಟೆಗೂ ಏರಿಳಿಯುವುದರಿಂದ, ಅವಳು ಹೇಳುವ ಅನುಭವಕ್ಕೇ ಮೊದಲ ಮನ್ನಣೆ ಸಲ್ಲಬೇಕು.

ಹಾಗೆಂದು ತಾನಾಗಿಯೇ ಎರಡು ಪಟ್ಟಿ ಅಂಟಿಸಿಕೊಳ್ಳುವುದು ಸಲ್ಲದು. ಗರ್ಭಕೋಶ ಉಳ್ಳವರು ಅದರ ಒಳಪದರದ ರಕ್ಷಣೆಗಾಗಿ ಪ್ರೊಜೆಸ್ಟರೋನ್ ಬಗೆಯ ಔಷಧವನ್ನೂ ಜೊತೆಗೆ ತೆಗೆದುಕೊಳ್ಳಬೇಕಾಗುತ್ತದೆ. ಸ್ತನದ ಅರ್ಬುದರೋಗಕ್ಕೆ ತುತ್ತಾದವರಿಗೆ ಸಾಮಾನ್ಯವಾಗಿ ಈ ಚಿಕಿತ್ಸೆ ಒಗ್ಗದು. ಆದುದರಿಂದ ಸಂಕೋಚವನ್ನು ಬದಿಗಿಟ್ಟು ವೈದ್ಯರಲ್ಲಿ ಬಾಯಿಬಿಟ್ಟು ಹೇಳಿ. ಮನೆಯವರೂ ಆ ಮಾತಿಗೆ ಕಿವಿಗೊಡಲಿ ಎಂಬುದು ನನ್ನ ವಿನಂತಿ.