ಹೆಸರು ಬಾಡಿಗೆಗೆ ತರುವ ಮುನ್ನ
(ರಜತ ಮಹೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ನಮ್ಮ ಹುಡುಗರು ಸಾಲದ ಅರ್ಜಿ ಹಿಡಿದು ಬಂದು, "ದೊಡ್ಡ ಕಂಪನಿಯ ಫ್ರಾಂಚೈಸಿ ತಗೋತೀನಿ" ಅನ್ನುತ್ತಾರೆ. ಬೇಡ ಅನ್ನಲು ನಾನು ನಿಂತಿಲ್ಲ. ಲೆಕ್ಕ ಹಾಕಿ ಅನ್ನಲು ನಿಂತಿದ್ದೇನೆ.

ಅನುಕೂಲ ಇದ್ದೇ ಇದೆ. ಹೆಸರು ಜನಕ್ಕೆ ಗೊತ್ತಿರುತ್ತದೆ. ಸರಕು, ತರಬೇತಿ ಕಂಪನಿಯಿಂದ ಸಿಗುತ್ತದೆ. ಆದರೆ ಆ ಹೆಸರು ನಮ್ಮದಲ್ಲ, ಬಾಡಿಗೆಯದು. ಮೊದಲು ಕಟ್ಟಿದ ಶುಲ್ಕ ಸಾಮಾನ್ಯವಾಗಿ ವಾಪಸು ಬರುವುದಿಲ್ಲ. ರಾಯಲ್ಟಿಯನ್ನು ಬಹುಪಾಲು ಕಡೆ ಲಾಭದ ಮೇಲಲ್ಲ, ವ್ಯಾಪಾರದ ಮೇಲೆ ಹಾಕುತ್ತಾರೆ. ತಿಂಗಳಿಗೆ 2 ಲಕ್ಷ ವ್ಯಾಪಾರ, ಶೇ. 6 ರಾಯಲ್ಟಿ ಅನ್ನಿ; 12,000 ರೂಪಾಯಿ ಆಯಿತು. ಸರಕು, ಬಾಡಿಗೆ, ಸಂಬಳ, ಕರೆಂಟು ಕಳೆದು ಉಳಿದದ್ದು 10,000 ಆದರೆ, ಕೈಯಿಂದ 2,000 ಕೊಡಬೇಕು. ಸಾಲದ ಕಂತು ಬೇರೆ!

ನಮ್ಮ ದೇಶದಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾನೂನಿಲ್ಲ. 1872ರ ಕರಾರು ಕಾಯಿದೆಯೇ ಮುಖ್ಯ ಆಧಾರ. ಆದ್ದರಿಂದ ಕರಾರುಪತ್ರ ಪೂರ್ತಿ ಓದಿ. ಅವಧಿ ಎಷ್ಟು? ಪಕ್ಕದ ಬೀದಿಯಲ್ಲಿ ಇನ್ನೊಬ್ಬರಿಗೂ ಕೊಡುತ್ತಾರೋ? ಬಿಟ್ಟರೆ ಠೇವಣಿ ಬರುತ್ತದೋ? ವಕೀಲರಿಗೆ ತೋರಿಸಿ. ಈಗಾಗಲೇ ನಡೆಸುತ್ತಿರುವ ನಾಲ್ಕು ಜನರನ್ನು ಕೇಳಿ. ಆಮೇಲೆ ಸಹಿ ಹಾಕಿ. ಜಮೀನು ಅಡವಿಟ್ಟ ಮೇಲೆ ಲೆಕ್ಕ ಹಾಕಿದರೆ ಫಲವಿಲ್ಲ.